ಲಸಿಕೆ ಹಾಕಿಸ್ಕೊಂಡ್ರೆ ಮಾತ್ರ ಕೆಲಸವಾ?

ನಮ್ಮ ಬೀದಿಯ ಕೊನೇ ಮನೆಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಕೆಲಸ. ಏಳು ವರ್ಷದಿಂದ ಗುತ್ತಿಗೆ ಮೇಲೇ ಇದ್ದಾರೆ. ಒಂದೂವರೆ ತಿಂಗಳ ಹಿಂದೆ ವಾರ್ಡಿನ ಕಸದ ಚೀಲಕ್ಕೆ ಗಂಟು ಹಾಕುವಾಗ ಒಳಗಿದ್ದ ಸೂಜಿಯೊಂದು ಅವರ ಎಡಗೈ ಹೆಬ್ಬೆರಳಿಗೆ ಚುಚ್ಚಿತು. ಅದು ಹಳದಿ ಚೀಲ. ಅದರಲ್ಲಿ ಸೂಜಿ ಇರಲೇಬಾರದು, ಸೂಜಿ ಹಾಕೋದಕ್ಕೆ ತೂತಾಗದ ಬಿಳಿ ಡಬ್ಬ ಬೇರೆಯೇ ಇರುತ್ತದೆ. ಗ್ಲೌಸ್ ಬಿಚ್ಚಿ ನೋಡಿದರೆ ಸಾಸಿವೆ ಕಾಳಿನಷ್ಟು ರಕ್ತ. ನಲ್ಲಿ ಕೆಳಗೆ ಕೈ ಹಿಡಿದು ತೊಳೆದುಕೊಂಡರು, ಹೋಗಿ ಸೂಪರ್‌ವೈಸರ್‌ಗೆ ಹೇಳಿದರು. "ಒಂದು ಟಿಟಿ ಹಾಕಿಸ್ಕೊ ಹೋಗು" ಅಂದರಂತೆ.

ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಬಿ ಕಾಯಿಲೆಗೆ ಲಸಿಕೆ ಆಗಿದೆಯಾ ಅಂತ ಯಾರೂ ಕೇಳಲಿಲ್ಲ. ಆಗಿರಲಿಲ್ಲ. ಏಳು ವರ್ಷದಲ್ಲಿ ಒಂದು ಡೋಸೂ ಆಗಿರಲಿಲ್ಲ.

ಇದೇ ಅಕ್ಕನಿಗೆ 2021ರಲ್ಲಿ ಅದೇ ಜಾಗದಲ್ಲಿ, ಕೋವಿಡ್ ಲಸಿಕೆ ಹಾಕಿಸ್ಕೊಳ್ಳದಿದ್ದರೆ ನಾಳೆಯಿಂದ ಬರಬೇಡ ಅಂತ ಹೇಳಿದ್ದರು. ಅವರು ಹೆದರಿಕೊಂಡೇ ಹಾಕಿಸಿಕೊಂಡರು. ಈ ಎರಡು ಸಂಗತಿ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನನಗೆ ಸುಮ್ನೆ ಇರೋಕೆ ಆಗಲಿಲ್ಲ.

ಕೆಲಸ ಕೊಡುವವರು ಲಸಿಕೆ ಕಡ್ಡಾಯ ಮಾಡಬಹುದಾ, ಬೇಡವಾ ಅನ್ನೋ ಚರ್ಚೆ ಬಂದಾಗಲೆಲ್ಲ ನಾವು ಕೆಲಸಗಾರರ ಕಡೆಗೇ ತಿರುಗಿ ಕೇಳುತ್ತೇವೆ. ಹಾಕಿಸ್ಕೊಂಡಿದ್ದೀಯಾ? ಯಾಕೆ ಹಾಕಿಸ್ಕೊಂಡಿಲ್ಲ? ನನ್ನ ಮಟ್ಟಿಗೆ ಮೊದಲು ಉತ್ತರ ಕೊಡಬೇಕಾದವರು ಮಾಲೀಕರು. ನೀವು ಹಾಕಿಸಿದ್ದೀರಾ? ಸಂಬಳ ಹಿಡಿಯದೆ, ದುಡ್ಡು ಕೇಳದೆ, ಅರ್ಥವಾಗೋ ಭಾಷೆಯಲ್ಲಿ ತಿಳಿಸಿ ಹೇಳಿ ಹಾಕಿಸಿದ್ದೀರಾ? ಇಷ್ಟು ಮಾಡಿದವರಿಗೆ ಮಾತ್ರ, ಅದೂ ಕೆಲವೇ ಜಾಗಗಳಲ್ಲಿ, ಕಡ್ಡಾಯ ಅನ್ನೋ ಮಾತಾಡುವ ಹಕ್ಕು ಇದೆ.

ಇದು ನನ್ನ ಆಸೆ ಮಾತ್ರ ಅಲ್ಲ, ಕಾನೂನೇ ಹೀಗಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ಆಸ್ಪತ್ರೆ ನಡೆಸುವವರು ತಮ್ಮ ಆರೋಗ್ಯ ಸಿಬ್ಬಂದಿಗೂ, ಆ ಕಸ ಮುಟ್ಟುವ ಬೇರೆ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಟೆಟನಸ್ ಸೇರಿದಂತೆ ಲಸಿಕೆ ಹಾಕಿಸಬೇಕು. ಗುತ್ತಿಗೆಯವರು, ಕಾಯಂ ನೌಕರರು ಅಂತ ಭೇದ ಇಲ್ಲ. ಹೊಣೆ ಇರೋದು ಆಸ್ಪತ್ರೆ ಮೇಲೆ. ಅಂದರೆ ಅಕ್ಕ ಹೋಗಿ ಕೇಳಬೇಕಾಗಿರಲಿಲ್ಲ, ಅವರೇ ಕರೆದು ಹಾಕಿಸಬೇಕಾಗಿತ್ತು.

ಇದು ಯಾಕೆ ಅಷ್ಟು ಮುಖ್ಯ ಅಂತ ಸ್ವಲ್ಪ ಲೆಕ್ಕ ಹೇಳುತ್ತೇನೆ. ಸೂಜಿ ಚುಚ್ಚಿತು ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಎಚ್‌ಐವಿ. ಎಚ್‌ಐವಿ ಇರುವ ರೋಗಿಯ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ 1000ಕ್ಕೆ 3ರಷ್ಟು. ಹೆಪಟೈಟಿಸ್ ಬಿ ಹಾಗಲ್ಲ. ರೋಗಿಯ ರಕ್ತದಲ್ಲಿ ವೈರಸ್ ಜಾಸ್ತಿ ಇದ್ದು, ಚುಚ್ಚಿಸಿಕೊಂಡವರಿಗೆ ಲಸಿಕೆ ಆಗಿಲ್ಲದಿದ್ದರೆ 100ಕ್ಕೆ 30ರವರೆಗೂ ಹೋಗುತ್ತದೆ. ಆ ವೈರಸ್ ಒಣಗಿದ ರಕ್ತದ ಕಲೆಯಲ್ಲಿ ವಾರದವರೆಗೂ ಬದುಕಿರುತ್ತದೆ. ದೊಡ್ಡವರಿಗೆ ತಗಲಿದರೆ ಹೆಚ್ಚಿನವರಿಗೆ ತಾನಾಗೇ ವಾಸಿಯಾಗುತ್ತದೆ, ಆದರೆ ಕೆಲವರಲ್ಲಿ ವರ್ಷಗಟ್ಟಲೆ ಉಳಿದು ಪಿತ್ತಜನಕಾಂಗವನ್ನು ತಿನ್ನುತ್ತದೆ. ಲಿವರ್ ಸಿರೋಸಿಸ್, ಲಿವರ್ ಕ್ಯಾನ್ಸರ್ ಬರಬಹುದು. ಕುಡಿಯದವರಿಗೂ ಲಿವರ್ ಹೀಗೆ ಹೋಗಬಹುದು.

ತಡೆಯೋಕೆ ಇರೋದು ಮೂರು ಡೋಸ್. ಇವತ್ತೊಂದು, ತಿಂಗಳ ಮೇಲೆ ಒಂದು, ಆರನೇ ತಿಂಗಳಿಗೆ ಒಂದು. ಆರೋಗ್ಯವಾಗಿರುವ 100 ದೊಡ್ಡವರಲ್ಲಿ 90ಕ್ಕೂ ಹೆಚ್ಚು ಮಂದಿಗೆ ಇದು ರಕ್ಷಣೆ ಕೊಡುತ್ತದೆ. ನಮ್ಮ ಮಕ್ಕಳಿಗೆ ಈಗ ಹುಟ್ಟಿದ ದಿನವೇ ಹಾಕುತ್ತಾರೆ, ಆದರೆ ದೇಶದ ಎಲ್ಲ ಕಡೆ ಮಕ್ಕಳ ಲಸಿಕೆ ಪಟ್ಟಿಗೆ ಇದು ಸೇರಿದ್ದು 2011ರ ಹೊತ್ತಿಗೆ. ಹಾಗಾಗಿ ಇವತ್ತು ಆಸ್ಪತ್ರೆಯಲ್ಲಿ ಕಸ ಎತ್ತುವ, ಬಟ್ಟೆ ಒಗೆಯುವ, ಸ್ಟ್ರೆಚರ್ ತಳ್ಳುವ ಮೂವತ್ತು ನಲವತ್ತು ವಯಸ್ಸಿನವರಿಗೆ ಚಿಕ್ಕಂದಿನಲ್ಲಿ ಇದು ಸಿಕ್ಕಿರೋ ಸಾಧ್ಯತೆ ತುಂಬ ಕಡಿಮೆ. ಕೆಲಸಕ್ಕೆ ಸೇರಿದ ಮೇಲೆ ಯಾರಾದರೂ ಹಾಕಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಮೆರಿಕದಲ್ಲಿ 1991ರಲ್ಲಿ ಒಂದು ನಿಯಮ ತಂದರು. ರಕ್ತ ಮುಟ್ಟುವ ಕೆಲಸ ಇರುವ ಪ್ರತಿಯೊಬ್ಬರಿಗೂ, ಕೆಲಸಕ್ಕೆ ಹಚ್ಚಿದ 10 ಕೆಲಸದ ದಿನಗಳೊಳಗೆ, ಮಾಲೀಕರೇ ಪುಕ್ಕಟೆಯಾಗಿ ಹೆಪಟೈಟಿಸ್ ಬಿ ಲಸಿಕೆ ಕೊಡಬೇಕು. ಬೇಡ ಅನ್ನುವ ಕೆಲಸಗಾರರು ಒಂದು ಕಾಗದಕ್ಕೆ ಸಹಿ ಹಾಕಿ ಬೇಡ ಅನ್ನಬಹುದು, ಮುಂದೆ ಮನಸ್ಸು ಬದಲಾದರೆ ಆಗಲೂ ಪುಕ್ಕಟೆ. ಅಂದರೆ ಕಡ್ಡಾಯ ಕೊಡುವವರಿಗೆ, ತೆಗೆದುಕೊಳ್ಳುವವರಿಗಲ್ಲ. ಅಲ್ಲಿ ಆರೋಗ್ಯ ಸಿಬ್ಬಂದಿಗೆ ವರ್ಷಕ್ಕೆ ತಗಲುತ್ತಿದ್ದ ಈ ಸೋಂಕು 1983ರಲ್ಲಿ 17 ಸಾವಿರದ ಅಂದಾಜಿತ್ತು, 1995ಕ್ಕೆ 400ಕ್ಕೆ ಬಂತು. ಲಸಿಕೆ, ಗ್ಲೌಸ್, ಸೂಜಿ ಡಬ್ಬ, ಎಲ್ಲವೂ ಸೇರಿ ಆದ ಕೆಲಸ ಅದು. ಯಾರನ್ನೂ ಗೇಟಿನ ಹೊರಗೆ ನಿಲ್ಲಿಸಬೇಕಾಗಲಿಲ್ಲ.

ಗೇಟಿನ ಮಾತು ಬಂತು, ಅದನ್ನೂ ಹೇಳಬೇಕು.

ನನ್ನ ಚಿಕ್ಕಮ್ಮನ ಮಗಳು ಮಂಡ್ಯ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ಬೆಳಗ್ಗೆ ಐದಕ್ಕೆ ಎದ್ದು, ಮುದ್ದೆ ಮಾಡಿಟ್ಟು, ಮಗೂನ ಅತ್ತೆ ಹತ್ತಿರ ಬಿಟ್ಟು ವ್ಯಾನು ಹತ್ತುತ್ತಾಳೆ. 2021ರಲ್ಲಿ ಒಂದು ದಿನ ಗೇಟಿನಲ್ಲಿ ಸೆಕ್ಯೂರಿಟಿಯವರು ಲಸಿಕೆಯ ಮೆಸೇಜ್ ತೋರಿಸು ಅಂದರು. ಅವಳಿಗೆ ಮೊದಲ ಡೋಸ್ ಆಗಿತ್ತು. ಆದರೆ ಮೆಸೇಜ್ ಇದ್ದದ್ದು ಭಾವನ ಫೋನಿನಲ್ಲಿ. ಆಗ ಕೋವಿನ್‌ನಲ್ಲಿ ಒಂದೇ ನಂಬರಿಗೆ ನಾಲ್ಕು ಜನರ ಹೆಸರು ಸೇರಿಸಬಹುದಿತ್ತು, ಮನೆಮಂದಿಯೆಲ್ಲ ಅವನ ನಂಬರೇ ಕೊಟ್ಟಿದ್ದರು. ಅವನು ಬೆಂಗಳೂರಿನಲ್ಲಿ ಡ್ಯೂಟಿಯಲ್ಲಿದ್ದ, ಫೋನ್ ಎತ್ತಲಿಲ್ಲ. ಊಟದ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಅವಳೂ ಇನ್ನೂ ಏಳೆಂಟು ಹೆಂಗಸರೂ ಹತ್ತು ಗಂಟೆ ತನಕ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದರು. ಅರ್ಧ ದಿನದ ಸಂಬಳ ಹೋಯಿತು, ಆ ತಿಂಗಳ ಹಾಜರಿ ಬೋನಸ್ಸೂ ಹೋಯಿತು. ಅವರಲ್ಲಿ ಇಬ್ಬರಿಗೆ ಲಸಿಕೆ ಆಗಿರಲಿಲ್ಲ ನಿಜ. ಯಾಕೆ ಅಂತ ಕೇಳಿದರೆ, ಹಾಕಿಸ್ಕೊಂಡ ಮಾರನೇ ದಿನ ಜ್ವರ ಬಂದರೆ ರಜೆ ಕೊಡಲ್ಲ, ಅದಕ್ಕೆ ಅಂದರು. ವಿಜ್ಞಾನದ ಮೇಲೆ ಅವರಿಗೆ ಯಾವ ಸಿಟ್ಟೂ ಇರಲಿಲ್ಲ. ಒಂದು ದಿನದ ಕೂಲಿಯ ಚಿಂತೆ ಇತ್ತು.

ಆ ದಿನಗಳನ್ನು ನೆನಪು ಮಾಡಿಕೊಳ್ಳಿ. ಮೇ 1ರಿಂದ 18 ದಾಟಿದ ಎಲ್ಲರಿಗೂ ಲಸಿಕೆ ಅಂದರು, ಎರಡು ವಾರದೊಳಗೆ ದಾಸ್ತಾನು ಇಲ್ಲ ಅಂತ ನಮ್ಮ ರಾಜ್ಯದಲ್ಲಿ 18ರಿಂದ 44 ವಯಸ್ಸಿನವರಿಗೆ ನಿಲ್ಲಿಸಿದರು. ಜೂನಿನಿಂದ ಖಾಸಗಿ ಆಸ್ಪತ್ರೆಯಲ್ಲಿ ಕೋವಿಶೀಲ್ಡ್ ಒಂದು ಡೋಸಿಗೆ 780 ರೂಪಾಯಿ, ಅವಳ ಎರಡು ದಿನದ ದುಡಿಮೆಗಿಂತ ಜಾಸ್ತಿ. ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ ಇತ್ತು, ಆದರೆ ಬೆಳಗ್ಗೆ ಕ್ಯೂ ನಿಲ್ಲಬೇಕು, ಅವತ್ತಿನ ಕೆಲಸ ಬಿಡಬೇಕು. ಪಕ್ಕದ ಚಾಮರಾಜನಗರದಲ್ಲಂತೂ ಆ ಆಗಸ್ಟ್ ಕೊನೆಗೆ ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಅನ್ನೋ ಮಾತೇ ಜಿಲ್ಲಾಡಳಿತದಿಂದ ಬಂದು ದೊಡ್ಡ ಗಲಾಟೆ ಆಯಿತು. ವಯಸ್ಸಾದವರ ತಟ್ಟೆಗೆ ಕೈ ಹಾಕಿ ತೋಳಿಗೆ ಸೂಜಿ ಹಾಕಿಸೋದು ನನಗೆ ಆಗಲೂ ಒಪ್ಪಿಗೆ ಇರಲಿಲ್ಲ, ಈಗಲೂ ಇಲ್ಲ.

ಕೋರ್ಟುಗಳು ಏನು ಹೇಳಿದವು? ಮೇಘಾಲಯದಲ್ಲಿ ಅಂಗಡಿಯವರು, ಟ್ಯಾಕ್ಸಿ ಓಡಿಸುವವರು ಲಸಿಕೆ ಹಾಕಿಸ್ಕೊಂಡರೆ ಮಾತ್ರ ವ್ಯಾಪಾರ ಅಂತ ಜಿಲ್ಲಾಡಳಿತಗಳು ಆದೇಶ ಮಾಡಿದ್ದವು. 2021ರ ಜೂನಿನಲ್ಲಿ ಅಲ್ಲಿನ ಹೈಕೋರ್ಟು ಅದನ್ನು ಒಪ್ಪಲಿಲ್ಲ. ಹೊಟ್ಟೆಪಾಡನ್ನು ಹಿಡಿದುಕೊಂಡು ಬಲವಂತ ಮಾಡಬೇಡಿ, ತಿಳಿಸಿ ಹೇಳಿ, ಬೇಕಾದರೆ ಅಂಗಡಿ ಮುಂದೆ ಲಸಿಕೆ ಆಗಿದೆ ಅಂತ ಬೋರ್ಡು ಹಾಕಿಸಿ ಅನ್ನೋದು ಅದರ ತಾತ್ಪರ್ಯ. ಆಮೇಲೆ 2022ರ ಮೇ 2ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಮಕ್ಕಳ ವೈದ್ಯ ಜೇಕಬ್ ಪುಳಿಯೇಲ್ ಹಾಕಿದ್ದ ಅರ್ಜಿ ಅದು, ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರ ಪೀಠ. ಸಂವಿಧಾನದ 21ನೇ ವಿಧಿ ನಮ್ಮ ದೇಹದ ಮೇಲಿನ ಹಕ್ಕನ್ನೂ ಕಾಯುತ್ತದೆ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಅಂದರು. ಇಷ್ಟೇ ಭಾಗವನ್ನು ವಾಟ್ಸಾಪಿನಲ್ಲಿ ಎಲ್ಲರೂ ಹಂಚಿಕೊಂಡರು. ಅದರ ಮುಂದಿನ ಭಾಗ ಕಡಿಮೆ ಜನ ಓದಿದರು.

ಮುಂದಿನ ಭಾಗದಲ್ಲಿ ಇರೋದು ಇದು. ಜನರ ಆರೋಗ್ಯಕ್ಕಾಗಿ ಸರ್ಕಾರ ವ್ಯಕ್ತಿಯ ಹಕ್ಕಿಗೆ ಮಿತಿ ಹಾಕಬಹುದು. ಆದರೆ ಅದಕ್ಕೆ ಕಾನೂನಿನ ಆಧಾರ ಇರಬೇಕು, ನಿಜವಾದ ಅಗತ್ಯ ಇರಬೇಕು, ಮತ್ತು ಹಾಕುವ ಮಿತಿ ಆ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಈ ಮೂರು ಅಳತೆ ಬಂದದ್ದು 2017ರ ಖಾಸಗಿತನದ ತೀರ್ಪಿನಿಂದ, ಅದಕ್ಕೆ ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಅಳತೆಗೆ ಹಿಡಿದು ನೋಡಿದಾಗ, ಲಸಿಕೆ ಹಾಕಿಸ್ಕೊಂಡವರಿಗಿಂತ ಹಾಕಿಸ್ಕೊಳ್ಳದವರಿಂದ ಕೋವಿಡ್ ಜಾಸ್ತಿ ಹರಡುತ್ತದೆ ಅಂತ ತೋರಿಸುವ ಮಾಹಿತಿಯನ್ನು ಯಾವ ಸರ್ಕಾರವೂ ಕೋರ್ಟಿನ ಮುಂದೆ ಇಡಲಿಲ್ಲ. ಹಾಗಾಗಿ ಆಗಿನ ನಿರ್ಬಂಧಗಳು ತಕ್ಕಷ್ಟು ಅಲ್ಲ, ಸೋಂಕು ಕಡಿಮೆ ಇರುವ ತನಕ ಅವನ್ನು ಕೈಬಿಡಿ, ಖಾಸಗಿ ಸಂಸ್ಥೆಗಳೂ ಮತ್ತೆ ಯೋಚಿಸಲಿ ಅಂತ ಸೂಚಿಸಿತು. ಲಸಿಕೆಯನ್ನೇ ತಪ್ಪು ಅನ್ನಲಿಲ್ಲ, ಬೇರೆ ಲಸಿಕೆಗಳ ಬಗ್ಗೆ ತೀರ್ಮಾನವನ್ನೂ ಕೊಡಲಿಲ್ಲ.

ನನಗೆ ಇಲ್ಲಿ ಕಾಣೋ ಮುಖ್ಯ ಎಳೆ ಒಂದೇ. ಲಸಿಕೆ ಯಾರನ್ನು ಕಾಪಾಡುತ್ತದೆ? ಹಾಕಿಸ್ಕೊಂಡವರನ್ನು ಮಾತ್ರವಾ, ಎದುರಿಗಿರುವವರನ್ನೂನಾ? ಕೋವಿಡ್ ಲಸಿಕೆ ಹಾಕಿಸ್ಕೊಂಡವರ ಜೀವ ಉಳಿಸಿತು, ಐಸಿಯುವರೆಗೆ ಹೋಗೋದನ್ನು ತಪ್ಪಿಸಿತು. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ಒಮಿಕ್ರಾನ್ ಬರುವ ಹೊತ್ತಿಗೆ ಎರಡು ಡೋಸ್ ಆದವರಿಂದಲೂ ಸೋಂಕು ಹರಡಿತು. ಪಕ್ಕದ ಮೆಷಿನ್ನಿನವಳ ರಕ್ಷಣೆಗೆ ಅಂತ ಹೇಳಿ ಒಬ್ಬಳ ಕೂಲಿ ನಿಲ್ಲಿಸುವ ವಾದ ಅಲ್ಲಿಗೆ ಸೋತುಹೋಯಿತು.

ಹಾಗಂತ ಮಾಲೀಕರಿಗೆ ಚಿಂತೆ ಇರಲಿಲ್ಲ ಅನ್ನೋಕಾಗಲ್ಲ. ಕೆಲಸದ ಜಾಗದಿಂದ ಸೋಂಕು ಹೇಗೆ ಹಬ್ಬುತ್ತದೆ ಅಂತ ನಮ್ಮ ಜಿಲ್ಲೆಗಿಂತ ಚೆನ್ನಾಗಿ ಯಾರೂ ನೋಡಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧಿ ಕಾರ್ಖಾನೆಯ ಒಬ್ಬ ನೌಕರರಿಗೆ ಕೋವಿಡ್ ಅಂತ ಗೊತ್ತಾಯಿತು. ಆ ಮೊದಲ ಸುತ್ತಿನಲ್ಲಿ ಮೈಸೂರು ಜಿಲ್ಲೆಯಲ್ಲಿ ಕಂಡ ಸುಮಾರು 90 ಪ್ರಕರಣಗಳಲ್ಲಿ ಬಹುಪಾಲು ಆ ಕಾರ್ಖಾನೆಯ ನೌಕರರು, ಅವರ ಮನೆಯವರು. ನಂಜನಗೂಡಿನವರು ಅಂದರೆ ಜನ ಮಾರು ದೂರ ಸರಿಯುತ್ತಿದ್ದ ದಿನಗಳು ಅವು. ಲಸಿಕೆ ಅನ್ನೋದೇ ಇನ್ನೂ ಇರಲಿಲ್ಲ. ಆಮೇಲೆ ಲಸಿಕೆ ಬಂದಾಗ ಕಾರ್ಖಾನೆ ನಡೆಸುವವರು ಬೇಗ ಎಲ್ಲರಿಗೂ ಆಗಿಬಿಡಲಿ ಅಂದುಕೊಂಡದ್ದು ಸಹಜ. ಗೇಟ್ ಹಾಕುವ ಬದಲು ಒಳಗೇ ಟೇಬಲ್ ಹಾಕಿಸಿ, ಸಂಬಳದ ಸಮಯದಲ್ಲೇ ಲಸಿಕೆ ಕೊಡಿಸಿ, ಮಾರನೇ ದಿನ ರಜೆ ಕೊಡುವ ದಾರಿಯೂ ಇತ್ತು. 2021ರ ಏಪ್ರಿಲ್ 11ರಿಂದಲೇ ಕೆಲಸದ ಜಾಗಗಳಲ್ಲಿ ಲಸಿಕಾ ಕೇಂದ್ರ ತೆರೆಯೋಕೆ ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತ್ತು. ಹಾಗೆ ಮಾಡಿದ ಕಡೆ ತಕರಾರು ಕಡಿಮೆ ಇತ್ತು.

ಹಾಗಾದರೆ ಕಡ್ಡಾಯ ಎಲ್ಲೂ ಬೇಡವಾ? ಬೇಕು, ಕೆಲವು ಕಡೆ ಬೇಕೇ ಬೇಕು. ಕೂಸುಗಳ ಐಸಿಯುನಲ್ಲಿ ಕೆಲಸ ಮಾಡುವ ನರ್ಸಿಗೆ ದಡಾರದ ರಕ್ಷಣೆ ಇಲ್ಲ ಅಂದರೆ, ಇನ್ನೂ ಲಸಿಕೆ ಹಾಕೋ ವಯಸ್ಸೇ ಆಗದ ಎಳೆ ಮಗು ತಾನಾಗಿ ಏನು ಮಾಡಿಕೊಳ್ಳೋಕಾಗುತ್ತದೆ? ದಡಾರದ ಲಸಿಕೆ ಹರಡೋದನ್ನೇ ತಡೆಯುತ್ತದೆ, ದಶಕಗಳ ಅನುಭವ ಇದೆ. ಕಿಮೋಥೆರಪಿ ವಾರ್ಡೂ ಹಾಗೇ. ಅಲ್ಲಿ ಮಲಗಿರುವವರಿಗೆ ತಮ್ಮನ್ನು ಮುಟ್ಟುವವರನ್ನು ಆರಿಸಿಕೊಳ್ಳುವ ಅವಕಾಶ ಇಲ್ಲ. ಅಂಥ ಕಡೆ ಬೇಡ ಅನ್ನುವ ಸಿಬ್ಬಂದಿಗೆ ಬೇರೆ ವಾರ್ಡು ಕೊಡಿ, ಸಂಬಳ ಮುಟ್ಟಬೇಡಿ. ಅಮೆರಿಕದ ಸುಪ್ರೀಂ ಕೋರ್ಟು 2022ರ ಜನವರಿ 13ರಂದು ಒಂದೇ ದಿನ ಎರಡು ತೀರ್ಮಾನ ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಎಲ್ಲ ಕಂಪನಿಗಳಿಗೂ ಲಸಿಕೆ ಅಥವಾ ಟೆಸ್ಟ್ ಕಡ್ಡಾಯ ಅನ್ನುವ ಸರ್ಕಾರದ ನಿಯಮವನ್ನು ತಡೆಹಿಡಿಯಿತು, ಆರೋಗ್ಯ ಸಿಬ್ಬಂದಿಗೆ ಕಡ್ಡಾಯ ಅನ್ನೋದಕ್ಕೆ ಒಪ್ಪಿತು. ಇಂಗ್ಲೆಂಡಿನಲ್ಲಿ ವೃದ್ಧರ ಆರೈಕೆ ಮನೆಗಳ ನೌಕರರಿಗೆ 2021ರ ನವೆಂಬರಿನಲ್ಲಿ ಕಡ್ಡಾಯ ಮಾಡಿ, ಸಾವಿರಾರು ಮಂದಿ ಕೆಲಸ ಬಿಟ್ಟು ಹೋದ ಮೇಲೆ 2022ರ ಮಾರ್ಚಿನಲ್ಲಿ ವಾಪಸ್ ತೆಗೆದುಕೊಂಡರು. ಆರೈಕೆಗೇ ಜನ ಇಲ್ಲದಂತಾದರೆ ಯಾರಿಗೆ ಲಾಭ?

ನಮ್ಮಲ್ಲಿ ಈಗಾಗಲೇ ಕಡ್ಡಾಯ ಇರುವ ಇನ್ನೊಂದು ಜಾಗ ಇದೆ, ನೀವು ದಿನಾ ಹೋಗುವ ಜಾಗ. ಹೋಟೆಲ್. 2011ರ ಆಹಾರ ಸುರಕ್ಷತಾ ಪರವಾನಗಿ ನಿಯಮಗಳ 4ನೇ ಷೆಡ್ಯೂಲಿನ ಪ್ರಕಾರ ಅಡುಗೆ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಟೈಫಾಯ್ಡ್ ಗುಂಪಿನ ಕಾಯಿಲೆಗಳಿಗೆ ಲಸಿಕೆ ಆಗಿರಬೇಕು, ಅದರ ದಾಖಲೆಯೂ ಇರಬೇಕು. ಮದ್ದೂರಿನಲ್ಲಿ ಸಣ್ಣ ಹೋಟೆಲ್ ಇಟ್ಟುಕೊಂಡಿರುವ ಗೆಳೆಯನನ್ನು ಕೇಳಿದೆ. ತಪಾಸಣೆ ಸರ್ಟಿಫಿಕೇಟ್ ಗೊತ್ತು, ಲಸಿಕೆ ವಿಷಯ ಗೊತ್ತೇ ಇಲ್ಲ ಅಂದ. ವಡೆ ತಟ್ಟುವ ಹುಡುಗರು ಒಡಿಶಾದವರು, ಆರು ತಿಂಗಳಿಗೆ ಬದಲಾಗುತ್ತಾರೆ. ಹೇಳಿದ ಮೇಲೆ ಹಾಕಿಸೋಕೆ ಒಪ್ಪಿದ, ಖರ್ಚು ನನ್ನದೇ ಅಂದ. ಕಾನೂನು ಇದ್ದು ಹದಿನಾಲ್ಕು ಹದಿನೈದು ವರ್ಷ ಆಯಿತು, ಹೇಳುವವರೇ ಇರಲಿಲ್ಲ.

ಬಲವಂತ ಮಾಡಿದರೆ ಏನಾಗುತ್ತದೆ ಅಂತ ನಮ್ಮ ಮಣ್ಣಿಗೆ ಹಳೇ ಅನುಭವವೂ ಇದೆ. 1898ರಲ್ಲಿ ಪ್ಲೇಗ್ ಮಾರಿ ಬಂದಾಗ ಸರ್ಕಾರದ ಕಟ್ಟುನಿಟ್ಟಿನ ಕ್ರಮಗಳ ವಿರುದ್ಧ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಗಲಭೆಯೇ ಆಯಿತು. ಅದಕ್ಕೂ ಸುಮಾರು ನೂರು ವರ್ಷ ಮೊದಲು ಸಿಡುಬಿನ ಕಾಲದಲ್ಲಿ ಇದೇ ಸೀಮೆಯಲ್ಲಿ ಇನ್ನೊಂದು ದಾರಿಯನ್ನು ಹಿಡಿದಿದ್ದರು. ಥಾಮಸ್ ಹಿಕ್ಕಿ ಅನ್ನುವ ಐರಿಷ್ ಕಲಾವಿದ 1805ರ ಸುಮಾರಿಗೆ ಬರೆದ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರ ಒಂದಿದೆ. ಬಲಗಡೆ ನಿಂತವಳು ಸೆರಗು ಸರಿಸಿ ತನ್ನ ತೋಳನ್ನು ತೋರಿಸುತ್ತಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿ, ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕಿಸ್ಕೊಂಡ ಜಾಗವನ್ನು ತೋರಿಸುತ್ತಿದ್ದಾಳೆ ಅನ್ನೋದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ನೋಡಿ, ನಾನು ಹಾಕಿಸ್ಕೊಂಡೆ, ನೀವೂ ಬನ್ನಿ ಅನ್ನೋ ಹಾಗೆ. ಅದರ ಹಿಂದೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಪ್ರಚಾರ ಇತ್ತು, ಇರಲಿ. ಅಮ್ಮ ಬಂದಿದ್ದಾಳೆ ಅಂತ ಬೇವಿನ ಸೊಪ್ಪು ಕಟ್ಟುತ್ತಿದ್ದ ಜನಕ್ಕೆ ದೊಡ್ಡ ಮನೆಯ ಹೆಣ್ಣುಮಗಳ ತೋಳು ತೋರಿಸಿ ಹೇಳಿದರಲ್ಲ, ಅದು ನನಗೆ ಇಷ್ಟವಾಗುತ್ತದೆ.

ಬಲವಂತ ಮಾಡಿದಾಗ ಕೆಡೋದು ನಂಬಿಕೆ. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಅದನ್ನು ಕಣ್ಣಾರೆ ನೋಡಿದೆವು. ಮುಖ್ಯಮಂತ್ರಿಗಳೇ ಕೋವಿಡ್ ಲಸಿಕೆಯನ್ನು ಅವಸರವಾಗಿ ಒಪ್ಪಿದ್ದು ಕಾರಣ ಇರಬಹುದು ಅನ್ನೋ ಅರ್ಥದ ಮಾತಾಡಿದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. ರಾಜ್ಯದ್ದೇ ತಜ್ಞರ ಸಮಿತಿ ಲಸಿಕೆಗೂ ಆ ಸಾವುಗಳಿಗೂ ಸಂಬಂಧ ಕಾಣಲಿಲ್ಲ ಅಂದಿತು. 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ ದೇಶದ 47 ಆಸ್ಪತ್ರೆಗಳಲ್ಲಿ ಐಸಿಎಂಆರ್ ಮಾಡಿದ ಅಧ್ಯಯನದಲ್ಲೂ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ, ಎರಡು ಡೋಸ್ ಆದವರಲ್ಲಿ ಅಪಾಯ ಕಡಿಮೆಯೇ ಇತ್ತು. ನಾನು ಇದನ್ನು ನನ್ನ ತಂಗಿಗೆ ಹೇಳಿದೆ. ಅವಳು ಹೇಳಿದ್ದು ಇಷ್ಟು: "ಅದು ಸರಿ ಇರಬಹುದು, ಆದರೆ ನಂಗೆ ಅವತ್ತು ಬೇಡ ಅನ್ನೋಕೆ ಬಿಡಲಿಲ್ಲ, ಅದಕ್ಕೆ ಈಗ ಯಾರು ಏನು ಹೇಳಿದರೂ ಹೆದರಿಕೆ ಆಗುತ್ತೆ."

ಅವಳ ಮಾತನ್ನು ತಳ್ಳಿಹಾಕೋಕೆ ನನಗೆ ಆಗಲಿಲ್ಲ. ಅಡ್ಡಪರಿಣಾಮ ಅನ್ನೋದು ಇಲ್ಲವೇ ಇಲ್ಲ ಅಂತಲ್ಲ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಬರಬಹುದು ಅಂತ 2024ರಲ್ಲಿ ಆಸ್ಟ್ರಾಜೆನೆಕಾ ಕಂಪನಿಯೇ ಬ್ರಿಟನ್ನಿನ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಹಾಕಿಸ್ಕೊ ಇಲ್ಲಾಂದ್ರೆ ಹೋಗು ಅನ್ನುವ ಮಾಲೀಕರು, ಆಮೇಲೆ ಜ್ವರ ಬಂದರೆ, ಅಪರೂಪಕ್ಕೆ ಅದಕ್ಕಿಂತ ದೊಡ್ಡದೇನಾದರೂ ಆದರೆ ಆ ಖರ್ಚು, ಆ ರಜೆ ನಮ್ಮದು ಅಂತ ಬರೆದು ಕೊಡಬೇಕಲ್ವಾ? ಹಾಗೆ ಬರೆದು ಕೊಟ್ಟ ಒಂದು ಕಾರ್ಖಾನೆಯನ್ನೂ ನಾನು ನೋಡಿಲ್ಲ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 40 ದಾಟಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕು ಅಂತ ಅದರಲ್ಲಿ ಇದೆ. ರಕ್ತ ತೆಗೆಯೋಕೆ ಹೇಗೂ ತೋಳು ಚಾಚುತ್ತಾರೆ. ಅದೇ ದಿನ ಆ ಕೆಲಸಕ್ಕೆ ಬೇಕಾದ ಲಸಿಕೆಯನ್ನೂ ಮುಂದಿಡಬಹುದು. ಆಸ್ಪತ್ರೆ ಕಸದವರಿಗೆ ಹೆಪಟೈಟಿಸ್ ಬಿ, ಅಡುಗೆಯವರಿಗೆ ಟೈಫಾಯ್ಡ್. ಆಸ್ಪತ್ರೆಗಳಿಗಂತೂ ನೆಪವೇ ಇಲ್ಲ, 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಆರೋಗ್ಯ ಸಿಬ್ಬಂದಿಗೆ ಈ ಲಸಿಕೆ ಉಚಿತ ಅಂತಲೇ ಇದೆ.

ಅಕ್ಕನ ವಿಷಯಕ್ಕೆ ಬರುತ್ತೇನೆ. ಸೂಜಿ ಚುಚ್ಚಿದ ದಿನ ಸಂಜೆ ಅವರು ನಮ್ಮ ಮನೆಗೆ ಬಂದು ಬೆರಳು ತೋರಿಸಿದಾಗ ನಾನು ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಚುಚ್ಚಿದ 24 ಗಂಟೆಯೊಳಗೆ ಇಮ್ಯುನೊಗ್ಲಾಬ್ಯುಲಿನ್ ಅನ್ನೋ ಇಂಜೆಕ್ಷನ್ನೂ, ಲಸಿಕೆಯ ಮೊದಲ ಡೋಸೂ ಆಗಬೇಕು. ಎರಡೂ ಆಯಿತು, ರಾತ್ರಿ ಹನ್ನೊಂದು ದಾಟಿತ್ತು. ಎಚ್‌ಐವಿಗೆ ಮಾತ್ರೆಯನ್ನೂ ಅವತ್ತೇ ಶುರು ಮಾಡಿದರು. ಯಾರ ಸೂಜಿ ಅಂತ ಗೊತ್ತಿಲ್ಲವಲ್ಲ. ಮಾರನೇ ದಿನ ರಜೆ ಹಾಕಿದ್ದಕ್ಕೆ ಏಜೆನ್ಸಿಯವರು ಒಂದು ದಿನದ ಸಂಬಳ ಹಿಡಿದರು.

ಕಳೆದ ವಾರ ಎರಡನೇ ಡೋಸ್ ಆಯಿತು. ಬರುವಾಗ ಅವರು ಬ್ಯಾಗಿನಿಂದ ಒಂದು ಹಳೇ ಕ್ಯಾಲೆಂಡರ್ ಹಾಳೆ ತೆಗೆದು ಕೊಟ್ಟರು. ಹಿಂದುಗಡೆ ಪೆನ್ನಿನಲ್ಲಿ ಹೆಸರುಗಳು, ಅವರ ಶಿಫ್ಟಿನವರದ್ದು, ಒಟ್ಟು ಹದಿನಾಲ್ಕು. ಎದುರಿಗೆ ಮೂರು ಗೆರೆ ಎಳೆದು ಒಂದು, ಎರಡು, ಮೂರು ಅಂತ ಬರೆದಿದ್ದಾರೆ. ಅವರ ಹೆಸರಿನ ಮುಂದೆ ಎರಡು ಟಿಕ್, ಇನ್ನೊಬ್ಬ ವಾರ್ಡ್ ಬಾಯ್ ಹೆಸರಿನ ಮುಂದೆ ಒಂದು. ಉಳಿದ ಹನ್ನೆರಡು ಸಾಲು ಖಾಲಿ. "ಇದನ್ನ ಕನ್ನಡದಲ್ಲಿ ಒಂದು ಅರ್ಜಿ ಥರ ಬರ್ಕೊಡಿ, ಎಲ್ಲಾರೂ ಸೈನ್ ಹಾಕ್ತೀವಿ ಅಂದವ್ರೆ" ಅಂದರು. ಬರೆದು ಕೊಟ್ಟಿದ್ದೇನೆ. ಸೋಮವಾರ ಮ್ಯಾನೇಜರ್ ಹತ್ತಿರ ಹೋಗುತ್ತಾರೆ.